ಹಾಜರಿ ಪುಸ್ತಕದಲ್ಲಿ ಇಲ್ಲದವನು

ಹೊಸೂರಿನ ತಳಿ ರಸ್ತೆಯಲ್ಲಿರುವ ನಮ್ಮ ಶೆಡ್ಡಿನ ಕೆಲಸವೆಂದರೆ ಗುಲಾಬಿ ಬೆಳೆಯುವವರಿಗೆ ಪಾಲಿಹೌಸ್ ಕಟ್ಟಿಕೊಡುವುದು. ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡುವುದು ಶೆಡ್ಡಿನಲ್ಲಿ. ಕಮಾನು ನಿಲ್ಲಿಸಿ ಪ್ಲಾಸ್ಟಿಕ್ ಹೊದಿಸುವುದು ತೋಟದಲ್ಲಿ. ಗಾಳಿ ಏಳುವ ಮುಂಚೆ ಮೇಲೆ ಹತ್ತಿ ಹೊದಿಕೆ ಎಳೆದು ಕಟ್ಟಬೇಕು. ಅದನ್ನು ನಾನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಓದಿದವರ ಮುಂದೆ ತೋರಿಸಲು ಇದ್ದದ್ದು ಅದೊಂದೇ: ನಾನು ಕಟ್ಟಿದ ಹೊದಿಕೆ ಎಂಥ ಗಾಳಿಗೂ ಪಟಪಟ ಅನ್ನುತ್ತಿರಲಿಲ್ಲ.

ದುಡ್ಡು ಹಾಕಿದವನು ಹೆಂಡತಿಯ ತಮ್ಮ, ಹೊಸೂರಿನಲ್ಲಿ ಮೇಷ್ಟ್ರು. ಬಾಗಲೂರಿನ ಸೈಟು ಮಾರಿ ತಂದು ಕೊಟ್ಟಿದ್ದ. ಲಾಭದಲ್ಲಿ ಇಬ್ಬರಿಗೂ ಅರ್ಧರ್ಧ. ಒಬ್ಬರು ಬಿಡುವುದಾದರೆ ಇನ್ನೊಬ್ಬರು ಅಂದಿನ ಬೆಲೆಯ ಅರ್ಧ ಕೊಟ್ಟು ಶೆಡ್ ಉಳಿಸಿಕೊಳ್ಳಬೇಕು, ಆಗದಿದ್ದರೆ ಹೊರಗಿನವರಿಗೆ ಮಾರಬೇಕು ಎಂದು ಛಾಪಾಕಾಗದದಲ್ಲಿ ಬರೆಸಿದ್ದೆವು.

ಮೊದಲ ತಿಂಗಳು ಹಾಜರಿ ಪುಸ್ತಕ ಬರೆಯುವಾಗ ಅವನೇ ಕೇಳಿದ್ದ.

"ಭಾವ, ನಿಮ್ ಹೆಸ್ರೂ ಹಾಕ್ಲಾ? ತಿಂಗ್ಳಿಗಿಷ್ಟು ಸಂಬ್ಳ ಅಂತ ತಗೊಳ್ಳಿ."

ಆಳುಗಳು ಕೇಳಿಸಿಕೊಳ್ಳುತ್ತಿದ್ದರು. ನನಗೆ ಮೈ ಉರಿಯಿತು.

"ನನ್ ಶೆಡ್ನಾಗೆ ನಾನೇ ಕೂಲಿಯಾ? ಓನರ್ ಕಣಯ್ಯ ನಾನು. ಆಳ್ಗಳ್ದು ಮಾತ್ರ ಬರಿ."

ಅವನು ಮತ್ತೆ ಕೇಳಲಿಲ್ಲ. ಹದಿನಾರು ವರ್ಷ ಆ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ಮನೆ ನಡೆದದ್ದು ಹೆಂಡತಿಯ ಸೇವಂತಿಗೆ ಹೊಲದಿಂದ. ಆಯುಧಪೂಜೆಯ ದಿನ ಲೆಕ್ಕ ನೋಡಿ ಲಾಭ ಹಂಚಿಕೊಳ್ಳುತ್ತಿದ್ದೆವು.

ಹೋದ ವರ್ಷ ಅವನು ಬಂದು, "ನಂಗೆ ಸಾಕು ಭಾವ, ನನ್ ಪಾಲು ಕೊಟ್ಬುಡಿ," ಅಂದ. ಅವನ ಆಡಿಟರ್ ಕಟ್ಟಿದ ಬೆಲೆ ಕೇಳಿ ಮೊದಲು ನಕ್ಕೆ. ಬಾಡಿಗೆ ಜಾಗ, ಸವೆದ ಮಿಷನ್ನು, ಒಂದಷ್ಟು ಪೈಪು. ಅಷ್ಟು ಬೆಲೆ ಎಲ್ಲಿಂದ ಬಂತು? ಒಂದು ವರ್ಷದ ಲಾಭವನ್ನು ಮುಂದಿನ ಇಷ್ಟು ವರ್ಷಕ್ಕೆ ಎಂದು ಗುಣಿಸಿದ್ದರಂತೆ. "ಒಳ್ಳೆ ವ್ಯಾಪಾರ ಮಾಡಿದೀರಿ, ಸಂತೋಷಪಡಿ," ಅಂದರು ಆ ಆಡಿಟರ್. ಅದರಲ್ಲಿ ಅರ್ಧ ಕೊಡಲು ಮನೆ, ಹೊಲ ಎರಡೂ ಮಾರಿದರೂ ಸಾಲದು. ಮೂರು ತಿಂಗಳ ಗಡುವು.

ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ಕೂರುವ ಒಬ್ಬ ಆಡಿಟರಮ್ಮನ ಹತ್ತಿರ ಹೋದೆ. ಆಕೆ ಲೆಕ್ಕವನ್ನೆಲ್ಲ ತಿರುವಿ ಹಾಕಿದರು.

"ನಿಮ್ಮ ಸಂಬಳ ಎಲ್ಲಿ ಸಾರ್?"

"ತಗೊಂಡಿಲ್ಲಮ್ಮ."

"ಒಂದು ವರ್ಷಾನೂ?"

"ಓನರ್ ಅಲ್ವಾ."

ಆಕೆ ಪೆನ್ನು ಕೆಳಗಿಟ್ಟರು. "ಬೇರೆಯವರು ಈ ಶೆಡ್ ತಗೊಂಡ್ರೆ ನಿಮ್ಮ ಕೆಲಸಕ್ಕೆ ಒಬ್ಬರನ್ನ ಇಡಬೇಕಲ್ವಾ? ಆ ಸಂಬಳ ತೆಗೆದ ಮೇಲೆ ಉಳಿಯೋದು ಲಾಭ. ಇದರಲ್ಲಿ ನಿಮ್ಮ ಬೆವರೂ ಸೇರಿಕೊಂಡಿದೆ. ವರ್ಷವರ್ಷಾನೂ ನಿಮ್ಮ ಸಂಬಳದಲ್ಲಿ ಅರ್ಧ ನಿಮ್ಮ ಪಾಲುದಾರರಿಗೆ ಹೋಗಿದೆ. ಈಗ ಅದಕ್ಕೇ ಬೆಲೆ ಕಟ್ಟಿ ಇನ್ನೊಂದು ಸಲ ಕೇಳ್ತಿದಾರೆ. ಹಾಜರಿ ಏನಾದ್ರೂ ಇದ್ಯಾ?"

ಇಲ್ಲವೆಂದು ತಲೆಯಾಡಿಸಿ ಮೆಟ್ಟಿಲಿಳಿದೆ.

ಭಾಮೈದನ ಮನೆಗೆ ಹೋಗಿ ನಿಂತೇ ಕೇಳಿದೆ. ಇಷ್ಟು ವರ್ಷ ಮೇಸ್ತ್ರಿ ಕೆಲಸ ಮಾಡಿದ್ದೇನೆ ಅಂತ ಬರೆದುಕೊಡು ಎಂದೆ.

"ಕೂಲಿ ಅಲ್ಲ ಅಂದೋರು ನೀವೇ ಅಲ್ವಾ ಭಾವ? ಅಷ್ಟು ಜನದ್ ಮುಂದೆ ನನ್ ಬಾಯ್ ಮುಚ್ಚಿಸಿದ್ರಿ."

"ಅವತ್ತು ತಿಳೀದೆ ಅಂದೆ ಕಣಪ್ಪ. ಕೂಲೀನೇ ನಾನು. ಬೇಕಾದ್ರೆ ಹಂಗೇ ಬರ್ಕೊ."

ಅವನು ನೆಲ ನೋಡಿದ. "ಅರ್ಧ ಲಾಭ ತಗೊಂಡ್ರಲ್ಲ, ಅದೇ ನಿಮ್ ಸಂಬ್ಳ ಅನ್ಕಂಡಿದ್ದೆ ನಾನು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಜಗಳವಾಡಲು ಒಬ್ಬ ಕಳ್ಳನೂ ಸಿಗಲಿಲ್ಲ. ಮನೆಗೆ ಬಂದರೆ ಹೆಂಡತಿ, "ಅವನು ಕೇಳ್ದಾಗ್ಲೇ ಹೂಂ ಅಂದಿದ್ರೆ ಮುಗೀತಿತ್ತು. ದೊಡ್ಡಸ್ತಿಕೆ," ಅಂದು ಹೂವಿನ ಕುಕ್ಕೆ ಎತ್ತಿಕೊಂಡು ಹೋದಳು.

ಗಡುವಿಗೆ ಎರಡು ವಾರ ಇರುವಾಗ ಗುಮ್ಮಳಾಪುರದ ಕಡೆಯ ಪೈಪು ವ್ಯಾಪಾರಿಯೊಬ್ಬ ಶೆಡ್ ನೋಡಲು ಬಂದ. ನಾನು ಕೊಂಬೆಯಿಂದ ಬಿದ್ದ ಮಂಗನ ಹಾಗೆ ಮೂಲೆಯಲ್ಲಿ ನಿಂತಿದ್ದೆ. ಭಾಮೈದ ಹೇಳಿದ ಬೆಲೆಗೆ ವ್ಯಾಪಾರಿ ಆಗದು ಎಂದು ತಲೆ ಆಡಿಸಿದ.

"ಏನ್ ಮೇಷ್ಟ್ರೇ, ಮೇಲೆ ಹತ್ತಿ ಕಟ್ಟೋನು ಈ ಯಪ್ಪ. ಈತನ್ನ ಇಟ್ಕಳಾಕೆ ತಿಂಗ್ಳಿಗೆ ನಾನೆಷ್ಟು ಕೊಡ್ಬೇಕು? ಅದು ತೆಗೆದ್ರೆ ಉಳಿಯೋದೇನು, ಈ ತುಕ್ಕಾ?" ಅಂದು, ಅರ್ಧಕ್ಕೂ ಕಡಿಮೆ ಬೆಲೆ ಹೇಳಿ ಗಾಡಿ ಹತ್ತಿದ.

ಭಾಮೈದ ಪೈಪು ಬಗ್ಗಿಸುವ ಮಿಷನ್ನಿನ ಮೇಲೆ ಕೂತ. ಆಮೇಲೆ, "ಅವನು ಹೇಳಿದ್ ಬೆಲೇಗೇ ನೀವೇ ಇಟ್ಕಳ್ಳಿ ಭಾವ. ನನ್ ಅರ್ಧ ಕೊಡಿ ಸಾಕು," ಅಂದ. ನನ್ನ ಮುಖ ನೋಡಲಿಲ್ಲ.

ಆ ಅರ್ಧಕ್ಕೆ ಸೇವಂತಿಗೆ ಹೊಲ ಹೋಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಂಡತಿ ಹೆಬ್ಬೆಟ್ಟಿನ ಮಸಿಯನ್ನು ಸೀರೆ ಸೆರಗಿಗೆ ಒರೆಸಿಕೊಂಡಳು.

ಈಗ ಹೂವಿನ ದುಡ್ಡಿಲ್ಲ. ಮನೆಗೆ ಅಕ್ಕಿ ಬರಬೇಕಾದರೆ ಶೆಡ್ಡಿನಿಂದಲೇ ಬರಬೇಕು. ಈ ತಿಂಗಳು ಹಾಜರಿ ಪುಸ್ತಕದಲ್ಲಿ ವೆಲ್ಡರನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಅವನು ಬಗ್ಗಿ ನೋಡಿ, "ಏನಣ್ಣ, ಹೊಸಾ ಆಳಾ? ಹೊತ್ತಿಗೆ ಸರ್ಯಾಗಿ ಬರಾಕೇಳು," ಅಂದ. ಆಳುಗಳಿಗೆ ಕೊಟ್ಟ ಮೇಲೆ ಡಬ್ಬಿಯಲ್ಲಿ ಏನೂ ಉಳಿದಿರಲಿಲ್ಲ. ಕೊಡಲಾಗದಿದ್ದರೂ ಬರೆಯುವುದನ್ನು ಬಿಡಬೇಡಿ ಎಂದು ಆಡಿಟರಮ್ಮ ಹೇಳಿದ್ದರು. ನನ್ನ ಹೆಸರಿನ ಮುಂದೆ ಸಂಬಳ ಬರೆದು, ಪಕ್ಕದಲ್ಲಿ ಬಾಕಿ ಎಂದು ಬರೆದೆ.