ಎಂಬತ್ತೆಂಟು ಕೆಜಿ, ನಾಲ್ಕು ಸುತ್ತು

ನನಗೆ ಇಪ್ಪತ್ತಾರು ತುಂಬಿದಾಗ ನನ್ನ ತೂಕ ಎಂಬತ್ತೆಂಟು ಕೆಜಿ ಇತ್ತು. ಅದರಲ್ಲಿ ಬೊಜ್ಜು ಕಡಿಮೆಯೇ. ಕುಮಾರಸ್ವಾಮಿ ಲೇಔಟಿನ ಒಂದು ಜಿಮ್ಮಿನಲ್ಲಿ ಆರು ವರ್ಷದಿಂದ ಟ್ರೇನರ್ ಆಗಿದ್ದೆ. ಎದೆ, ಭುಜ, ತೋಳು ಎಲ್ಲ ಅಲ್ಲೇ ಬೆಳೆಸಿದ್ದು. ನಮ್ಮ ಬೀದಿಯವರು "ಸಖತ್ ಬಾಡಿ ಗುರು" ಅನ್ನುತ್ತಿದ್ದರು. ಆ ಬಾಡಿಯನ್ನು ನಂಬಿಕೊಂಡೇ ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅರ್ಜಿ ಹಾಕಿದ್ದೆ.

ಲಿಖಿತ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ಓಟ. ಸಾವಿರದ ಆರುನೂರು ಮೀಟರ್, ಅಂದರೆ ಮೈದಾನಕ್ಕೆ ನಾಲ್ಕು ಸುತ್ತು, ಆರೂವರೆ ನಿಮಿಷದೊಳಗೆ. ಹಿಂದಿನ ಸಲ ಮೂರನೇ ಸುತ್ತಿಗೇ ಉಸಿರು ಕಟ್ಟಿ ನಡೆಯತೊಡಗಿದ್ದೆ. ಕಡ್ಡಿಯಂಥ ಹುಡುಗರು ನನ್ನ ಪಕ್ಕದಲ್ಲೇ ದಾಟಿ ಹೋಗಿದ್ದರು. ಈ ಸಲ ತಪ್ಪಿದರೆ ಮುಗಿಯಿತು, ಮುಂದಿನ ನೇಮಕಾತಿ ಬರುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತಿತ್ತು.

ಯಡಿಯೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ನಿವೃತ್ತ ಪಿಟಿ ಮೇಷ್ಟ್ರು ಇದ್ದರು. ಅವರನ್ನು ಹೋಗಿ ಕೇಳಿಕೊಂಡೆ. ಮರುದಿನ ಬೆಳಿಗ್ಗೆಯೇ ಜಯನಗರದ ಮೈದಾನಕ್ಕೆ ಕರೆದುಕೊಂಡು ಹೋಗಿ ನಾಲ್ಕು ಸುತ್ತು ಓಡಿಸಿದರು. ನಾನು ಮುಗಿಸಿ ಮಂಡಿಗೆ ಕೈ ಊರಿ ನಿಂತಾಗ ಸ್ಟಾಪ್‌ವಾಚ್ ನೋಡಿ ಹೇಳಿದರು: "ಏಳು ನಿಮಿಷ ಹತ್ತು ಸೆಕೆಂಡು. ಈ ಎದೆ, ಈ ತೋಳು ಇದ್ಯಲ್ಲ, ಇದನ್ನೆಲ್ಲ ಹೊತ್ಕೊಂಡು ಓಡಕ್ಕಾಗಲ್ಲ ಕಣಯ್ಯ. ಮೇಲಿನ ಭಾರ ಇಳಿಸು."

ನನ್ನ ಕಿವಿಗೆ ಬಿದ್ದದ್ದು "ಇಳಿಸು" ಅನ್ನುವ ಮಾತೊಂದೇ. ಅವತ್ತಿನಿಂದಲೇ ಊಟ ಬಿಟ್ಟೆ.

ಬೆಳಿಗ್ಗೆ ಎರಡು ಮೊಟ್ಟೆಯ ಬಿಳಿ ಭಾಗ, ಮಧ್ಯಾಹ್ನ ಸೌತೆಕಾಯಿ, ಸಂಜೆ ಒಂದು ಚಪಾತಿ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರೇ. ಅಕ್ಕ ಗಾರ್ಮೆಂಟ್ಸಿಗೆ ಹೊರಡುವ ಮೊದಲು ನನಗೂ ಡಬ್ಬಿ ಕಟ್ಟಿಡುತ್ತಿದ್ದಳು. ಅದನ್ನು ಜಿಮ್ಮಿನ ಪಕ್ಕದ ವಾಚ್‌ಮನ್‌ಗೆ ಕೊಟ್ಟು, ಖಾಲಿ ಡಬ್ಬಿ ತೊಳೆದು ತರುತ್ತಿದ್ದೆ. "ಚೆನ್ನಾಗಿತ್ತಾ?" ಅಂದರೆ "ಸೂಪರ್" ಅನ್ನುತ್ತಿದ್ದೆ. ಇಳಿಯುತ್ತಿದ್ದ ತೂಕವೆಲ್ಲ ಓಟದಿಂದಲೇ ಎಂದು ಅವಳು ನಂಬಿದ್ದಳು.

ಮೊದಮೊದಲು ಎಲ್ಲ ಸರಿಯಾಗೇ ನಡೆಯಿತು. ತೂಕ ಎಂಬತ್ತನಾಲ್ಕಕ್ಕೆ ಬಂದಾಗ ಓಟ ಏಳು ನಿಮಿಷದ ಒಳಗೆ ಬಂತು. ಎಪ್ಪತ್ತೊಂಬತ್ತಕ್ಕೆ ಇಳಿದಾಗ ಆರು ನಲವತ್ತೆರಡು. ಮೇಷ್ಟ್ರು ಬೆನ್ನು ತಟ್ಟಿದರು. ಇನ್ನು ಹನ್ನೆರಡೇ ಸೆಕೆಂಡು. ಇನ್ನೂ ನಾಲ್ಕೈದು ಕೆಜಿ ಹೋದರೆ ಅದೂ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಸೌತೆಕಾಯಿಯನ್ನೂ ಅರ್ಧ ಮಾಡಿದೆ.

ಏಳನೇ ವಾರ ತಕ್ಕಡಿ ಎಪ್ಪತ್ತನಾಲ್ಕು ತೋರಿಸಿತು. ಅವತ್ತು ಓಡಿದ್ದು ಆರು ಐವತ್ತೆಂಟು. ಮೇಷ್ಟ್ರು ಸ್ಟಾಪ್‌ವಾಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ನಾಳೆ ನೋಡೋಣ" ಅಂದರು. ಮರುದಿನ ಏಳು ನಿಮಿಷ ಎರಡು ಸೆಕೆಂಡು. ಉಸಿರು ಕಟ್ಟುತ್ತಿರಲಿಲ್ಲ, ಆದರೆ ಕಾಲು ನೆಲವನ್ನು ಒದೆಯುತ್ತಲೇ ಇರಲಿಲ್ಲ. ನೀರಿನಲ್ಲಿ ಓಡಿದ ಹಾಗಾಗುತ್ತಿತ್ತು. ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ಇಷ್ಟು ಹಗುರಾದ ಮೇಲೂ ಯಾಕೆ ನಿಧಾನವಾಗುತ್ತಿದ್ದೇನೆ ಎಂದು ಗೊತ್ತಾಗದೆ ಹೆದರಿದೆ. ಪರೀಕ್ಷೆಗೆ ಇದ್ದದ್ದು ಇನ್ನು ನಾಲ್ಕು ವಾರ. ಹೆದರಿಕೆಯಲ್ಲಿ ಆ ಸಂಜೆಯ ಚಪಾತಿಯನ್ನೂ ಬಿಟ್ಟೆ.

ಅದರ ಮಾರನೆಯ ದಿನವೇ ಜಿಮ್ಮಿನಲ್ಲಿ ಆದದ್ದು. ಐವತ್ತು ದಾಟಿದ ಬ್ಯಾಂಕ್ ಅಂಕಲ್ ಒಬ್ಬರು ನನ್ನ ಹತ್ತಿರವೇ ಕಲಿಯುತ್ತಿದ್ದರು. ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯ ಮೇಲಿಂದ ರಾಡ್ ಎತ್ತುತ್ತಿದ್ದರು. ತಲೆಯ ಹಿಂದೆ ನಿಂತು, ಅವರ ಕೈ ಸೋತರೆ ರಾಡ್ ಹಿಡಿದುಕೊಳ್ಳುವುದು ನನ್ನ ಕೆಲಸ. ಸಾವಿರ ಸಲ ಮಾಡಿದ ಕೆಲಸ. ಎಂಟನೇ ಸಲ ಎತ್ತುವಾಗ ಅವರ ಕೈ ಅರ್ಧದಲ್ಲೇ ನಿಂತಿತು.

"ಹಿಡ್ಕೋ" ಅಂದರು.

ಹಿಡಿದೆ. ಹಿಡಿದದ್ದು ನಿಜ, ಆದರೆ ರಾಡ್ ಮೇಲೆ ಬರಲಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿದವು. ನನ್ನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುವುದನ್ನು ನೋಡುತ್ತಲೇ ಇದ್ದೆ. ರಾಡ್ ಅವರ ಎದೆಯ ಮೇಲೆ ಕೂತಿತು. ಅವರ ಬಾಯಿಂದ ಬಂದ ಸದ್ದು ಮಾತಲ್ಲ, ಚೀಲದಿಂದ ಗಾಳಿ ಹೋದ ಹಾಗೆ. ಮುಖ ಕೆಂಪಾಗಿ, ಆಮೇಲೆ ನೀಲಿಗೆ ತಿರುಗಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಆಚೆ ಬದಿಯಲ್ಲಿದ್ದ ಇಬ್ಬರು ಓಡಿ ಬಂದು ರಾಡ್ ಎತ್ತಿದರು. ನಾನು ಗೋಡೆಗೆ ಒರಗಿ ಕುಸಿದಿದ್ದೆ.

ಆಸ್ಪತ್ರೆಯಲ್ಲಿ ಅಂಕಲ್‌ನ ಪಕ್ಕೆಲುಬು ಒಂದು ಬಿರುಕು ಬಿಟ್ಟಿದೆ ಎಂದರು. ಜಿಮ್ಮಿನ ಮಾಲೀಕರು ನನ್ನನ್ನು ಹೊರಗೆ ಕರೆದು, "ಸದ್ಯಕ್ಕೆ ಬರ್ಬೇಡಪ್ಪ" ಎಂದಷ್ಟೇ ಹೇಳಿದರು.

ಮರುದಿನ ಅಂಕಲ್ ಮನೆಗೆ ಹೋದೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಗೇಟಿನ ಹತ್ತಿರ ತುಂಬ ಹೊತ್ತು ನಿಂತಿದ್ದೆ. ಅವರ ಹೆಂಡತಿ ಬಾಗಿಲು ತೆರೆದು, ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದರು. ಅಂಕಲ್ ದಿಂಬಿಗೆ ಒರಗಿ ಕೂತಿದ್ದರು. ಅವರ ಕಾಲು ಮುಟ್ಟಲು ಬಗ್ಗಿದೆ.

"ಏಳು ಏಳು. ಒಂದ್ ವಿಷ್ಯ ಹೇಳು, ನೀನು ಊಟ ಮಾಡಿ ಎಷ್ಟು ದಿನ ಆಯ್ತು?"

ನಾನು ಎದ್ದು ನಿಂತೆ. ಅವರೇ ಮುಂದುವರಿಸಿದರು.

"ಒಂದು ವಾರದಿಂದ ನಿನ್ನ ಕೈ ನಡುಗೋದು ನೋಡ್ತಿದ್ದೆ. ಕೇಳೋಣ ಅಂದ್ಕೊಂಡು ಕೇಳ್ಲಿಲ್ಲ. ನಂದೂ ತಪ್ಪಿದೆ." ನಗಲು ಹೋಗಿ ನೋವಿಗೆ ಎದೆ ಹಿಡಿದುಕೊಂಡರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ. ಅವರ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

ಮನೆಗೆ ಬಂದು ಅಕ್ಕನಿಗೆ ಡಬ್ಬಿಯ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳು ಬೆಳಿಗ್ಗೆ ಐದಕ್ಕೆದ್ದು ಕಟ್ಟಿದ ಡಬ್ಬಿಗಳು. ಅವಳು ಚಪ್ಪಲಿ ಮೆಟ್ಟಿಕೊಂಡು, ನನ್ನ ಕೈ ಹಿಡಿದು ನೇರ ಮೇಷ್ಟ್ರ ಮನೆಗೆ ಎಳೆದುಕೊಂಡು ಹೋದಳು.

"ಸಾರ್, ಇವನಿಗೆ ಹೊಟ್ಟೆ ಕಟ್ಟು ಅಂತ ನೀವು ಹೇಳಿದ್ರಾ?"

ಮೇಷ್ಟ್ರು ನನ್ನ ಕಡೆ ನೋಡಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎದ್ದು ಬಂದು ನನ್ನ ತೊಡೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು.

"ಎಲ್ಲಿ ಹೋಯ್ತು ಇದು? ಮೇಲಿನ ಭಾರ ಇಳಿಸು ಅಂದ್ರೆ ಕಾಲನ್ನೂ ಕರಗಿಸ್ಕೊಂಡು ಬಂದ್ಯಾ? ತೋಳು ನಿನ್ನ ಓಡಿಸಲ್ಲ, ಅದು ಬರೀ ಹೊರೆ. ತೊಡೆ, ಕುಂಡೆ, ಮೀನಖಂಡ ನಿನ್ನ ಓಡ್ಸೋದು. ತೂಕದಲ್ಲಿ ಯಾವ್ದು ಹೋಯ್ತು, ಯಾವ್ದು ಉಳೀತು ಅನ್ನೋದು ಮುಖ್ಯ ಕಣಯ್ಯ. ಹಸ್ಕೊಂಡು ಓಡಿದ್ರೆ ದೇಹ ಸಿಕ್ಕಿದ್ದನ್ನೆಲ್ಲ ತಿನ್ನತ್ತೆ. ಅದಕ್ಕೇನು ಗೊತ್ತು ನಿಂಗೆ ಪರೀಕ್ಷೆ ಇದೆ ಅಂತ?"

ಆ ರಾತ್ರಿ ಅಕ್ಕ ಮುದ್ದೆ, ಮೊಳಕೆ ಹುರುಳಿಯ ಸಾರು ಬಡಿಸಿ ಎದುರಿಗೆ ಕೂತಳು. ಅರ್ಧ ಮುದ್ದೆ ಇಳಿಯಲು ಅರ್ಧ ಗಂಟೆ ಬೇಕಾಯಿತು. ಮಾರನೆಯ ದಿನದಿಂದ ಮೇಷ್ಟ್ರು ಒಂದು ವಾರ ನಾಲ್ಕು ಸುತ್ತು ಓಡಿಸಲೇ ಇಲ್ಲ. ಬನಶಂಕರಿಯ ಒಂದು ಏರು ರಸ್ತೆಯಲ್ಲಿ ಕೆಳಗಿಂದ ಮೇಲಕ್ಕೆ ಜೋರಾಗಿ ಓಡುವುದು, ನಡೆದುಕೊಂಡು ಇಳಿಯುವುದು, ಮತ್ತೆ ಓಡುವುದು. ಆಮೇಲೆ ಬಸ್ಕಿ. ತೋಳಿನ ಕಸರತ್ತು ಪೂರ್ತಿ ಬಂದ್. ದಿನಕ್ಕೆ ಮೂರು ಹೊತ್ತು ಊಟ, ಅದರಲ್ಲಿ ಎರಡು ಹೊತ್ತು ಅಕ್ಕನ ಕಣ್ಣೆದುರಿಗೇ.

ತೂಕ ಏರತೊಡಗಿತು. ಎಪ್ಪತ್ತೈದು, ಎಪ್ಪತ್ತಾರು. ತಕ್ಕಡಿ ಹತ್ತುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲ ಮತ್ತೆ ಮೊದಲಿನ ಹಾಗೇ ಆಗುತ್ತದೆ ಎಂದು ಒಳಗೊಳಗೇ ಭಯ. ಆದರೆ ಎಪ್ಪತ್ತೇಳು ಕೆಜಿಯಲ್ಲಿ, ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಆರು ಮೂವತ್ತೊಂದಕ್ಕೆ ಮುಗಿಸಿದೆ. ಒಂದು ಸೆಕೆಂಡು ಹೆಚ್ಚು. "ಇನ್ನು ಓಡ್ಬೇಡ, ತಿಂದು ಮಲ್ಕೋ" ಅಂದರು ಮೇಷ್ಟ್ರು. ತಿಂದೆ. ನಿದ್ದೆ ಮಾತ್ರ ಬರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಒಂದೊಂದು ಗುಂಪಿನಲ್ಲಿ ಇಪ್ಪತ್ತು ಜನರನ್ನು ನಿಲ್ಲಿಸಿದರು. ಎದೆಗೆ ನಂಬರಿನ ಬಟ್ಟೆ. ನನ್ನ ಪಕ್ಕದಲ್ಲಿ ಒಬ್ಬ ತೆಳ್ಳಗಿನವನು ಕಾಲು ಕುಣಿಸುತ್ತ ನಿಂತಿದ್ದ. ಅರವತ್ತು ಕೆಜಿಯೂ ಇರಲಾರ. ಇವನ ಹಿಂದೆಯೇ ಹೋದರೆ ಸಾಕು ಅಂದುಕೊಂಡೆ. ಸೀಟಿ ಊದಿದ ತಕ್ಷಣ ಅವನು ಬಾಣದ ಹಾಗೆ ಹೋದ.

ಎರಡು ಸುತ್ತು ಅವನ ಬೆನ್ನನ್ನೇ ನೋಡುತ್ತ ಓಡಿದೆ. ಮೂರನೇ ಸುತ್ತು ಬಂತು. ಹಿಂದಿನ ಸಲ ಸೋತ ಸುತ್ತು. ಗಂಟಲು ಒಣಗಿ ಉರಿಯತೊಡಗಿತು. ಆಗ ಒಂದು ತಿರುವಿನಲ್ಲಿ ಅವನ ಬೆನ್ನು ಹತ್ತಿರ ಬಂತು. ನಾನು ವೇಗ ಹೆಚ್ಚಿಸಿರಲಿಲ್ಲ, ಅವನೇ ನಿಧಾನವಾಗುತ್ತಿದ್ದ. ಕೊನೆಯ ಸುತ್ತಿನಲ್ಲಿ ಅವನನ್ನು ದಾಟಿದೆ. ಆಮೇಲೆ ಹಿಂಬಾಲಿಸುವಷ್ಟು ಹತ್ತಿರದಲ್ಲಿ ಮುಂದೆ ಯಾರೂ ಇರಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಯ ನೂರು ಮೀಟರು, ಬನಶಂಕರಿಯ ಏರು ರಸ್ತೆಯಲ್ಲಿ ಒದ್ದ ಹಾಗೆ ನೆಲವನ್ನು ಒದ್ದೆ. ತೊಡೆ ಮಾತು ಕೇಳಿತು.

ಗೆರೆ ದಾಟಿದವರೆಲ್ಲ ಸಾಲಾಗಿ ನೆಲದ ಮೇಲೆ ಕೂರಬೇಕಿತ್ತು. ಸಮಯ ಎಷ್ಟು ಎಂದು ಯಾರೂ ಹೇಳುವುದಿಲ್ಲ. ಪಾಸಾದವರ ನಂಬರ್ ಮಾತ್ರ ಓದುತ್ತಾರೆ. ಆ ತೆಳ್ಳಗಿನವನು ಬಂದು ನನ್ನ ಪಕ್ಕ ಕೂತ. ಅಧಿಕಾರಿ ಹಾಳೆ ಹಿಡಿದು ಓದತೊಡಗಿದರು. ಐದು ನಂಬರ್ ಆಯಿತು, ಆರಾಯಿತು. ನನ್ನದಿಲ್ಲ. ಏಳನೆಯದನ್ನು ಓದುವ ಮೊದಲು ಅವರು ಹಾಳೆ ಮಗುಚಿದರು.

ಏಳನೆಯದು ನನ್ನದು. ಎಂಟಕ್ಕೆ ಪಟ್ಟಿ ಮುಗಿಯಿತು.

ಪಕ್ಕದವನು ತನ್ನ ಎದೆಯ ನಂಬರನ್ನು ಬಗ್ಗಿ ಮತ್ತೊಮ್ಮೆ ನೋಡಿಕೊಂಡ. ಅವನ ಭುಜದ ಮೇಲೆ ಕೈ ಇಟ್ಟೆ. "ನಂಗೆ ಇನ್ನೂ ವಯಸ್ಸಿದೆ ಅಣ್ಣ" ಅಂದ, ನನಗೇ ಸಮಾಧಾನ ಹೇಳುವವನ ಹಾಗೆ.

ಹೊರಗೆ ಗೇಟಿನ ಆಚೆ ಅಕ್ಕ ರಜೆ ಹಾಕಿ ಬಂದು ನಿಂತಿದ್ದಳು. ನಾನು ಹೋಗಿ ಅವಳ ಪಕ್ಕ ಗೇಟಿಗೆ ಒರಗಿ ನಿಂತುಬಿಟ್ಟೆ. ಅವಳು ನನ್ನ ಮುಖ ನೋಡಿ ತಪ್ಪು ತಿಳಿದಳು.

"ಹೋಗ್ಲಿ ಬಿಡೋ" ಎಂದು ಸೆರಗಿನಿಂದ ನನ್ನ ಬೆವರು ಒರೆಸಿದಳು. "ಬೇರೆ ಕೆಲ್ಸ ಸಿಗತ್ತೆ. ನೀನು ಗಟ್ಟಿಯಾಗಿದ್ರೆ ಸಾಕು ನಂಗೆ."

"ಅಕ್ಕ" ಅಂದೆ. ಮತ್ತೆ ಉಸಿರು ಎಳೆದುಕೊಂಡೆ. "ಅಕ್ಕ, ಆಯ್ತು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.