ಗುರುಸಿದ್ದಯ್ಯನವರ ಟ್ರಕ್ಕಿಗೆ ಬಂದ ಆಹೇರಿ

ಹುಬ್ಬಳ್ಳಿ ಬಳಿಯ ಸುಳ್ಳ ಊರಿನ ಹತ್ತಿ ವ್ಯಾಪಾರಿ ಗುರುಸಿದ್ದಯ್ಯನವರ ಸೌಜನ್ಯ ಎಂಥದ್ದೆಂದರೆ, ದಾರಿಗೆ ಎಮ್ಮೆ ಅಡ್ಡ ಮಲಗಿದರೆ ಹಾರ್ನ್ ಹೊಡೆಯದೆ, ಎಂಜಿನ್ ಆರಿಸಿ, ಅದರ ಮೆಲುಕು ಮುಗಿಯುವ ತನಕ ಕಾಯುತ್ತಿದ್ದರು. ಹಾಗೆ ಕಾದು ಕಾದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಗಾಡಿಯಲ್ಲಿದ್ದ ಹತ್ತಿಕಾಳು ಮೊಳೆತು ಎರಡೆಲೆ ಬಿಟ್ಟಿರುತ್ತಿದ್ದವು ಎಂದು ಊರವರು ಹೇಳುತ್ತಾರೆ. ನಾನು ನೋಡಿದ್ದು ಒಂದೇ ಎಲೆ. ಯಾರು ಏನು ಕೊಟ್ಟರೂ ಬೇಡವೆನ್ನುವುದು ಅವರಿಂದಾಗದು. ಮದುವೆಯ ದಿನಗಳಲ್ಲಿ ಊರ ಎಲ್ಲ ಪಂಕ್ತಿಗಳಲ್ಲೂ ಉಂಡು, ಕೊನೆಗೆ ಅಡುಗೆಯವರು ಬೇಸರ ಮಾಡಿಕೊಂಡಾರೆಂದು ಅವರ ಜೊತೆಗೂ ಕೂತು ಉಂಡವರು.

ಇಂಥವರಿಗೆ ಅರವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿತು. ಊರ ಹಿಂದಿನ ಎರೆಹೊಲದಲ್ಲಿ ಮಳೆಗಾಲಕ್ಕೊಮ್ಮೆ ಕೆಸರಿನ ಗಾಡಿಗಳ ಪಂದ್ಯ ನಡೆಯುತ್ತದೆ. ಆ ಕರಿಮಣ್ಣು ಸಾಮಾನ್ಯದ್ದಲ್ಲ; ಅದರಲ್ಲಿ ಸಿಕ್ಕ ಚಪ್ಪಲಿ ಮರಳಿ ಸಿಗುವ ಹೊತ್ತಿಗೆ ಕಾಲು ಒಂದು ನಂಬರು ಬೆಳೆದಿರುತ್ತದೆ. ಹುಟ್ಟಿದಾಗಿನಿಂದ ಅದೇ ಕೆಸರಿನಲ್ಲಿ ಗಾಡಿ ಹೊಡೆದ ಗುರುಸಿದ್ದಯ್ಯನವರು, ಎಲ್ಲೆಲ್ಲಿಂದಲೋ ಬಂದವರು ಗೆದ್ದು ಹೋಗುವುದನ್ನು ಬದುವಿನ ಮೇಲೆ ಕೂತು ನೋಡಿ ಸಾಕಾಗಿದ್ದರು. ಈ ಸಲ ತಮ್ಮ ಹಳೆಯ ಟ್ರಕ್ಕನ್ನು ತಾವೇ ಇಳಿಸಬೇಕು. ಆದರೆ ರೋಲ್ ಕೇಜ್ ಇಲ್ಲದ ಗಾಡಿಯನ್ನು ಪಂದ್ಯದವರು ಒಳಗೆ ಬಿಡುತ್ತಿರಲಿಲ್ಲ.

ಗೋಕುಲ ರಸ್ತೆಯ ಮಕಬೂಲಸಾಬರು ಅರ್ಧ ಹುಬ್ಬಳ್ಳಿಯ ಗೇಟು, ಕಿಟಕಿಗಳನ್ನು ಬೆಸೆದವರು. ಅಂಗಡಿಗೆ ಹೋದ ಗುರುಸಿದ್ದಯ್ಯನವರಿಗೆ ಅವರು ವಿವರಿಸಿದರು.

"ಗಾಡಿ ಪಲ್ಟಿ ಆದ್ರೂ ಒಳಗಿನವರ ತಲಿ ಉಳೀಬೇಕಲ್ರಿ ಅಯ್ಯಾರ, ಅದಕ್ಕ ಈ ಪೈಪಿನ ಗೂಡು. ನಾಕು ಕಾಲಿಂದು ಹಗರ ಇರತೈತಿ. ಆರು ಕಾಲಿಂದು ಗಟ್ಟಿ."

"ನಿಮಗ ಯಾವುದು ಛಲೋ ಅನಸ್ತೈತ್ರಿ?"

"ಒಳಗ ಕುಂದ್ರವರು ನೀವು. ನನ್ನ ಕೇಳಿದ್ರ ಹ್ಯಾಂಗ?"

ಗುರುಸಿದ್ದಯ್ಯನವರು ಬಹಳ ಹೊತ್ತು ಯೋಚಿಸಿ ಆರು ಕಾಲು ಎಂದರು. ಜೀವನದಲ್ಲಿ ತಾವೊಬ್ಬರೇ ಆರಿಸಿದ ಮೊದಲ ವಸ್ತು ಅದು. ಅಲ್ಲಿಗೆ ಮುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮನೆಗೆ ಹೋಗಿ ಹೆಂಡತಿ ಶಿವಲಿಂಗವ್ವನಿಗೆ ಹೇಳಿದರು. ಆಕೆ ನೆರೆಮನೆಗೆ ಹೇಳಿದಳು. ಸಂಜೆಗೆ ಬೀಗರ ಊರುಗಳಿಂದ ಫೋನು ಬರತೊಡಗಿದವು.

ಅವರ ಮನೆತನದಲ್ಲಿ ಯಾವುದನ್ನೂ ಒಬ್ಬರು ಆರಿಸುವ ರೂಢಿಯಿಲ್ಲ. ಮದುವೆಯ ಜವಳಿ ತೆಗೆಯಲು ದುರ್ಗದಬೈಲಿಗೆ ಬಂದರೆಂದರೆ ಅಂಗಡಿಯವನು ಗೋಡೆಗೂ ಹಾಸಿಗೆ ಹಾಸಬೇಕು, ಅಷ್ಟು ಮಂದಿ. ಒಬ್ಬೊಬ್ಬರೂ ಸೀರೆ ಮುಟ್ಟಿ ನೋಡಿ ಹೂಂ ಅನ್ನಬೇಕು, ಒಬ್ಬೊಬ್ಬರೂ ಆಹೇರಿಯೆಂದು ಉಡುಗೊರೆ ಕೊಡಬೇಕು. ಆಹೇರಿ ಬಂತೆಂದರೆ ಮಡಿಲಲ್ಲಿ ಹಾಕಿಕೊಳ್ಳಲೇಬೇಕು. ಹಿಂದಿರುಗಿಸಿದರೆ ಮೂರು ತಲೆಮಾರು ಮಾತು ಬಿಡುತ್ತಾರೆ. ಪಂದ್ಯದ ದಿನ ಬೆಳಿಗ್ಗೆ, ಆರು ಕಾಲಿನ ಗೂಡು ನಿಂತು, ತಲೆಗೂ ಪೈಪಿಗೂ ನಡುವಿನ ಅಂತರ ನೋಡಲು ಮಕಬೂಲಸಾಬರು ಗುರುಸಿದ್ದಯ್ಯನವರನ್ನು ಸೀಟಿನಲ್ಲಿ ಕೂರಿಸಿದ್ದಾಗ, ಅದೇ ಜವಳಿಯ ಮಂದಿ ಎರಡು ಟೆಂಪೋ ತುಂಬಿಕೊಂಡು ಬಂದಿಳಿಯಿತು.

ಮೊದಲು ಶಿವಲಿಂಗವ್ವ ಅಂಗಡಿಯ ಪೈಪುಗಳನ್ನೆಲ್ಲ ಗಡಿಗೆ ಬಾರಿಸುವಂತೆ ಒಂದೊಂದಾಗಿ ಬಾರಿಸಿ, ಒಂದನ್ನು ಆರಿಸಿ, ಗಂಡನ ಬಲಮಗ್ಗುಲಿಗೆ ಬಾಗಿಲ ಅಡ್ಡ ಹಾಕಿಸಿದಳು.

"ಹೊಳ್ಳಿದ್ರ ಇತ್ತಾಗs ಬೀಳತೀರಿ ನೀವು. ಮಲಗಿದಾಗ ನೋಡೀನಿ."

ಆಮೇಲೆ ಗುರುಸಿದ್ದಯ್ಯನವರ ತಂಗಿ ದಾಕ್ಷಾಯಿಣಿ ಖಣದಲ್ಲಿ ಸುತ್ತಿದ ಬೋರ್‌ವೆಲ್ ಪೈಪೊಂದಕ್ಕೆ ಕುಂಕುಮ ಹಚ್ಚಿ ತಂದಳು.

"ಅಣ್ಣಾ, ನಮ್ಮದೊಂದು ಆಹೇರಿ."

"ಭಾಳ ತೂಕ ಆಗ್ತೈತ್ರಿ ಅವ್ವಾರ," ಎಂದರು ಮಕಬೂಲಸಾಬರು.

"ತಂಗಿ ಆಹೇರಿ ತೂಗಿ ನೋಡತೀರೇನ್ರಿ?"

ಮಕಬೂಲಸಾಬರು ಕಣ್ಣಿಗೆ ಕರಿಗಾಜು ಇಳಿಸಿ, ಗುರುಸಿದ್ದಯ್ಯನವರ ಮೇಲೆ ಹಸಿ ಗೋಣಿಚೀಲ ಹೊದಿಸಿ ಬೆಸುಗೆ ಹಾಕಿದರು. ಶಿವಲಿಂಗವ್ವನ ತಮ್ಮ ವಿಶಾಲ ಟ್ರೇಲರಿನ ಸರಳು ಕೊಟ್ಟ. ಮುದುಕಿ ಹೊಳೆವ್ವ ಕಾಕು ಕೈಪಂಪಿನ ಹಿಡಿಕೆ ತಂದಿದ್ದಳು; ಆಕೆಯ ಊರವರು ಆವತ್ತು ನೀರು ಹೇಗೆ ಸೇದಿದರೋ. ಪ್ರತಿ ಪೈಪಿಗೂ ಗೋಣಿಚೀಲದ ಒಳಗಿನಿಂದ "ಛಲೋ ಆತು, ಹಾಕ್ರಿ" ಎಂಬ ದನಿ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಟ್ರಕ್ಕಿನ ಭಾರಕ್ಕೆ ಗೋಕುಲ ರಸ್ತೆಯ ಈ ತುದಿ ತಗ್ಗಿ, ಆ ತುದಿಯ ಚಹಾದಂಗಡಿಗಳಲ್ಲಿ ಕಪ್ಪುಗಳು ತಾವಾಗಿಯೇ ಈ ಕಡೆ ಜಾರತೊಡಗಿದ್ದವು.

ಚೀಲ ತೆಗೆದು ಆರತಿ ಬೆಳಗಿದ ಮೇಲೆ ಗುರುಸಿದ್ದಯ್ಯನವರು ಇಳಿಯಲು ನೋಡಿದರು. ಇಳಿಯಲು ಜಾಗವಿರಲಿಲ್ಲ. ಬಲಕ್ಕೆ ಹೆಂಡತಿಯ ಪೈಪು, ಎಡಕ್ಕೆ ಬಳಗದ್ದು. ಸಂದಿಯಲ್ಲಿ ಕೈಯೊಂದು ಬರುತ್ತಿತ್ತು, ಅದೂ ಉಂಗುರ ತೆಗೆದರೆ.

"ಯಾವುದರೆ ಒಂದು ಕೊಯ್ಯೂಣೇನ್ರಿ?" ಮಕಬೂಲಸಾಬರು ಕಿವಿಯಲ್ಲಿ ಕೇಳಿದರು.

"ಯಾರದಂತ ಕೊಯ್ತೀರಿ? ಸುಮ್ನಿರ್ರಿ. ಹಿಂಗs ಹೊಡಕೊಂಡು ಹೋಗತೇನಿ."

ಪಂದ್ಯದ ಹೊಲದಲ್ಲಿ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದವಳು ಧಾರವಾಡದ ಚಿನ್ಮಯೀ ಎಂಬ ಹುಡುಗಿ. ಟ್ರಕ್ಕಿನ ಸುತ್ತ ಎರಡು ಸಲ ನಡೆದಳು. ಕೈಪಂಪಿನ ಹಿಡಿಕೆಯನ್ನು ಒಮ್ಮೆ ಒತ್ತಿ ನೋಡಿದಳು.

"ಕಾಕಾರ, ಬೆಲ್ಟ್ ಬಿಚ್ಚಿ ಹೊರಗ ಬಂದು ತೋರಸ್ರಿ."

"ಒಳಗs ಆರಾಮ ಅದೀನ್ರಿ."

"ಅವಸರಕ್ಕ ಹೊರಗ ಬರಲಿಕ್ಕೆ ಆಗದವರನ್ನ ಪಂದ್ಯಕ್ಕ ಬಿಡೂದಿಲ್ರಿ. ಬರ್ರಿ, ಇಲ್ಲಾಂದ್ರ ಗಾಡಿ ಬಾಜೂಕ ಹಚ್ಚರಿ."

ಹಗ್ಗದಾಚೆ ಕೆಸರು ಎಮ್ಮೆಯ ಬೆನ್ನಿನಂತೆ ಹೊಳೆಯುತ್ತಿತ್ತು. ಬಳಗದ ಟೆಂಪೋದಲ್ಲಿ ಬಂದಿದ್ದ ಮಕಬೂಲಸಾಬರು ಕಟಿಂಗ್ ಮಷೀನು ಹಿಡಿದು ಬಂದು ನಿಂತರು. ಬಳಗದವರೆಲ್ಲ ತಮ್ಮ ತಮ್ಮ ಪೈಪನ್ನು ದಿಟ್ಟಿಸಿ, ಕೊನೆಗೆ ಶಿವಲಿಂಗವ್ವನ ಪೈಪಿನ ಕಡೆ ಹೊರಳಿದರು.

"ವೈನೀದು ಆಹೇರಿ ಏನಲ್ಲ. ಮನೀದು," ಎಂದಳು ದಾಕ್ಷಾಯಿಣಿ.

"ಹೌದು, ನಂದs ಕೊಯ್ರಿ," ಶಿವಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹೊತ್ತಾಗಾಕತ್ತೈತಿ."

ಮಷೀನು ಗುರ್ರೆಂದಿತು. ಗುರುಸಿದ್ದಯ್ಯನವರು ಸಂದಿಯಿಂದ ಕೈ ಹೊರಹಾಕಿ ಆ ಪೈಪನ್ನು ಹಿಡಿದುಕೊಂಡರು.

"ಇದನ್ನ ಮುಟ್ಟಬ್ಯಾಡ್ರಿ."

"ಮತ್ತ ಯಾವುದ್ರಿ?"

"ಅಕಿ ಆರಿಸಿ ಹಾಕಿಸ್ಯಾಳ. ಉಳಿದವರು ಕೈಗೆ ಸಿಕ್ಕಿದ್ದು ತಂದು ಕೊಟ್ಟಾರ. ನನ್ನ ಆರು ಕಾಲು, ಅಕೀದೊಂದು ಬಿಟ್ಟು ಎಲ್ಲಾ ತಗೀರಿ. ಎಡಕಿನ ಬಾಗಲದಿಂದ ಇಳೀತೇನಿ."

ಕಪ್ಪೆಗಳು ಕೂಡ ವಟಗುಟ್ಟುವುದನ್ನು ನಿಲ್ಲಿಸಿ ಬಳಗದವರ ಮುಖ ನೋಡಿದವು. ಕಿಡಿ ಹಾರಿದವು. ಬಿದ್ದ ಪೈಪನ್ನು ಅವರವರು ಎತ್ತಿಕೊಂಡು ಮುಖ ತಿರುವಿದರು. ಹೊಳೆವ್ವ ಹಿಡಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಇನ್ನ ಇವನ ಮನಿ ನೀರು ಮುಟ್ಟಂಗಿಲ್ಲ" ಎಂದಳು. ಗುರುಸಿದ್ದಯ್ಯನವರು ಎಡಬದಿಯಿಂದ ಇಳಿದು, ಚಿನ್ಮಯೀಗೆ ಕೈಮುಗಿದು, ಅದೇ ಬದಿಯಿಂದ ಹತ್ತಿ ಕೂತರು. ಆಕೆ ಬಾವುಟ ಬೀಸಿದಳು.

ಪಂದ್ಯ ಮೂರು ಸುತ್ತಿನದು. ಮೊದಲ ಸುತ್ತು ಆ ಕೆಸರಿಗೇ ಗೊತ್ತಾಗದಷ್ಟು ಹಗುರವಾಗಿ ಹೋಯಿತು. ಎರಡನೆಯ ಸುತ್ತಿನ ಕೊನೆಯ ತಗ್ಗಿನಲ್ಲಿ ಟ್ರಕ್ಕು ಒಂದು ಗಾಲಿ ಎತ್ತಿ, ಸ್ವಲ್ಪ ವಿಚಾರ ಮಾಡಿ, ನಿಧಾನವಾಗಿ ಬಲಕ್ಕೆ ಹೊರಳಿ ಅಂಗಾತ ಬಿತ್ತು.

ಮುಖ ತಿರುವಿದ್ದವರೆಲ್ಲ ಪೈಪು ಎಸೆದು ಓಡಿದರು. ಎಲ್ಲರಿಗಿಂತ ಮೊದಲು ಶಿವಲಿಂಗವ್ವ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಒಳಗೆ ಇಣುಕಿದಳು. ಗುರುಸಿದ್ದಯ್ಯನವರು ಬಾವಲಿಯಂತೆ ಬೆಲ್ಟಿಗೆ ತಲೆಕೆಳಗಾಗಿ ಜೋತುಬಿದ್ದಿದ್ದರು. ಒಂದು ಪೈಪೂ ಬಾಗಿರಲಿಲ್ಲ.

"ಏನ್ರಿ, ಜೀವ ಐತೋ ಇಲ್ಲೋ?"

"ಐತಿ."

"ಅಣ್ಣಾ, ನಮ್ಮ ಪೈಪ್ ಇದ್ದಿದ್ರ ಪಲ್ಟಿನs ಆಗ್ತಿದ್ದಿಲ್ಲ," ಹಿಂದಿನಿಂದ ದಾಕ್ಷಾಯಿಣಿ ಅಂದಳು.

"ಇರಬಹುದವಾ. ಎಲ್ಲಾರೂ ಬಂದೀರೇನು?"

"ಬಂದೇವಿ."

"ಹಂಗಾರ ಒಂದೀಟು ಎತ್ತಿ ನಿಂದ್ರಸ್ರಿ. ಇನ್ನೊಂದು ಸುತ್ತು ಬಾಕಿ ಐತಿ."