ಜಿಗಿ ಇಲ್ಲದ ಹಿಟ್ಟು

ಗಿರಣಿಯಿಂದ ಈಗಷ್ಟೇ ತಂದ ಜೋಳದ ಹಿಟ್ಟಿನ ಡಬ್ಬಿ ಇನ್ನೂ ಬೆಚ್ಚಗಿದೆ. ಮುಚ್ಚಳ ತೆಗೆದರೆ ಬರುವ ವಾಸನೆ ನಿಮಗೂ ಗೊತ್ತಿರಬಹುದು: ಬಿಸಿಲಿಗೆ ಒಣಗಿದ ಹತ್ತಿ ಸೀರೆಯಂಥದು, ತುಸು ಸಿಹಿ. ಈ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಗೌರವ್ವನ ನೆನಪು.

ಮಲ್ಕಾಜ್‌ಗಿರಿಯ ಈ ಮನೆಯಲ್ಲಿ ನಾನು ರೊಟ್ಟಿ ವ್ಯಾಪಾರ ಶುರು ಮಾಡಿದ್ದು ಹೊತ್ತು ಹೋಗದೆ. ಮನೆಯವರಿಗೆ ರೈಲ್ವೆ ಡ್ಯೂಟಿ. ವಾರದಲ್ಲಿ ನಾಲ್ಕು ದಿನ ಹೊರಗೇ. ಮಕ್ಕಳಿಲ್ಲದ ಮನೆ. ನಡುಮನೆಯ ಗಡಿಯಾರದ ಸದ್ದು ಕೇಳಿ ಕೇಳಿ ಸಾಕಾಗಿ, ಒಂದು ದಿನ 'ಜೋಳದ ರೊಟ್ಟಿ ಸಿಗುತ್ತದೆ' ಎಂದು ಕನ್ನಡ, ತೆಲುಗು ಎರಡರಲ್ಲೂ ಬರೆದು ಬಾಗಿಲಿಗೆ ಹಾಕಿದೆ. ತೊಡಕು ಒಂದೇ. ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬೀದರಿನ ಕಡೆಯ ಮನೆತನವಾದರೂ ಬೆಳೆದದ್ದು ಇಲ್ಲೇ, ಈ ತೆಲುಗು ಊರಲ್ಲೇ. ಅವ್ವ ಬಡಿಯುತ್ತಿದ್ದಳು, ನಾನು ತಿನ್ನುತ್ತಿದ್ದೆ. ಆ ಏರ್ಪಾಡನ್ನು ನಾನು ಎಂದೂ ಕೆಡಿಸಲಿಲ್ಲ.

ಹಾಗಾಗಿ ಗೌರವ್ವ ಬಂದಳು. ಐವತ್ತು ದಾಟಿದ, ಮಗಳನ್ನು ಮದುವೆ ಮಾಡಿಕೊಟ್ಟು ಒಂಟಿಯಾಗಿದ್ದ ಹೆಂಗಸು. ಬೆಳಗ್ಗೆ ಆರಕ್ಕೆ ಒಲೆ ಮುಂದೆ ಕುಳಿತರೆ ಹತ್ತರವರೆಗೆ ಕೈಯೂ ನಿಲ್ಲುತ್ತಿರಲಿಲ್ಲ, ಬಾಯಿಯೂ. ಓಣಿಯ ಸುದ್ದಿಯೆಲ್ಲ ರೊಟ್ಟಿಯ ಜೊತೆಗೇ ಬೇಯುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಕಾಗದದಲ್ಲಿ ಸುತ್ತುತ್ತಿದ್ದೆ.

"ಮಾಲಕಿಗೂ ಒಂದಿಷ್ಟು ಕೈಕೆಲಸ ಬರಬೇಕ್ರಿ ಅಕ್ಕಾರ. ಬರ್ರಿ, ಕೂಡ್ರಿ," ಎಂದು ಅವಳು ಕರೆಯುವಳು.

ಮನೆಯವರು ಇದ್ದ ದಿನ ನನ್ನ ಪರ ವಾದ ಹೂಡುವರು: "ಬಸ್ಸಿನ ಮಾಲಕ ಬಸ್ ಹೊಡೀತಾನೇನು, ಗೌರವ್ವ?"

"ಹೊಡೀಬ್ಯಾಡ್ರಿ ಸಾಹೇಬ್ರ. ಬ್ರೇಕ್ ಎಲ್ಲೈತಿ ಅನ್ನೋದಾದ್ರೂ ಗೊತ್ತಿರಬೇಕಲ್ರಿ!"

ಮೂವರೂ ನಗುತ್ತಿದ್ದೆವು. ನಾನು ಮಾತ್ರ ಕುಳಿತಲ್ಲಿಂದ ಏಳುತ್ತಿರಲಿಲ್ಲ.

ಒಂದು ಬೇಸಿಗೆ, ಗಿರಣಿಗೆ ಮತ್ತೆ ಮತ್ತೆ ಓಡಾಡುವ ಬೇಸರಕ್ಕೆ ಎರಡು ತಿಂಗಳಿಗಾಗುವಷ್ಟು ಜೋಳ ಒಮ್ಮೆಲೇ ಬೀಸಿಸಿಟ್ಟೆ. ಜಾಣತನ ಎಂದುಕೊಂಡೆ. ಆ ಹಿಟ್ಟು ತಳ ಕಾಣುವ ಹೊತ್ತಿಗೆ ತಾರ್ನಾಕದ ಹೆಂಗಸೊಬ್ಬರು ಮಗಳ ಕುಬಸಕ್ಕೆ ನೂರು ರೊಟ್ಟಿ ಹೇಳಿದರು. ಬಸುರಿ ಮಗಳಿಗೆ ಸೀರೆ ಉಡಿಸಿ, ಉಡಿ ತುಂಬಿ, ಬಂಧುಗಳಿಗೆಲ್ಲ ಊಟ. ಒಯ್ಯಲು ಬಂದವರು ಬುಟ್ಟಿ ಬಿಚ್ಚಿದರೆ, ಅರ್ಧದಷ್ಟು ರೊಟ್ಟಿಯ ಅಂಚು ಸೀಳಿತ್ತು.

"ಕುಬಸದ ತಾಟಿನಾಗ ಹರಕ ರೊಟ್ಟಿ ಇಡ್ಲೇನ್ರಿ?" ಎಂದರು.

ನನಗೆ ಅವಮಾನವಾಯಿತು. ಅವರೆದುರಿಗೇ ಗೌರವ್ವನ ಕಡೆ ತಿರುಗಿದೆ. "ವಯಸ್ಸಾತು ನಿನಗ. ಕೈ ಕೆಟ್ಟೈತಿ."

"ಕೈ ಅಲ್ರಿ ಅಕ್ಕಾರ, ಹಿಟ್ಟಿನಾಗ ಜಿಗಿ ಇಲ್ಲ. ನೀವ ಕೈ ಹಾಕಿ ನೋಡ್ರಿ."

"ನಾನ ಕೈ ಹಾಕೋದಾದ್ರ ನೀ ಯಾಕ?"

ಅವಳು ನಾದಿಟ್ಟಿದ್ದ ಹಿಟ್ಟು ಮುಗಿಸಿ, ರೊಟ್ಟಿ ಬಡಿಯುವ ಪರಾತ ತೊಳೆದು, ದಿನದಂತೆ ಗೋಡೆಗೆ ಒರಗಿಸಿಟ್ಟು ಹೋದಳು. ಮರುದಿನ ಬರಲಿಲ್ಲ. ಕೂಕಟ್‌ಪಲ್ಲಿಯ ಮಗಳ ಮನೆಗೆ ಹೋದಳೆಂದು ಅವಳ ನೆರೆಯವರು ಹೇಳಿದರು.

ಸಿಟ್ಟಿನಲ್ಲಿ ನಾನೇ ಕುಳಿತೆ. ಕುದಿಯುವ ನೀರು ಹಾಕಿ ನಾದಿದರೂ ಡಬ್ಬಿಯ ತಳದಲ್ಲಿ ಉಳಿದಿದ್ದ ಹಿಟ್ಟು ಮರಳಿನಂತೆ ಬಿರಿಯಿತು. ನನ್ನ ಕೈಗೆ ಬರುವುದಿಲ್ಲ ನಿಜ, ಹೊಸ ಹಿಟ್ಟಾದರೂ ಬೀಸಿಸಿ ನೋಡೋಣವೆಂದು ತಂದರೆ, ಅದೇ ದಡ್ಡ ಕೈಗೆ ಆ ಹಿಟ್ಟು ಅಂಟಿತು. ಹೆಬ್ಬೆರಳು ತೋರುಬೆರಳ ನಡುವೆ ಎಳೆದರೆ ಹರಿಯದೆ ಬಂತು. ಜಿಗಿ ಅಂದರೆ ಇದೇ. ಬೀಸಿ ಹಳೆಯದಾದ ಹಿಟ್ಟಿನಲ್ಲಿ ಅದು ಸತ್ತಿರುತ್ತದೆ.

ಮೂರು ತಿಂಗಳು, ಬೆರಳು ಸುಟ್ಟುಕೊಂಡು ಕಲಿತೆ. ಆಮೇಲೆ ಹತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು, ಬಿಸಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ ಕೂಕಟ್‌ಪಲ್ಲಿಗೆ ಹೋದೆ.

ಗೌರವ್ವ ಒಂದು ರೊಟ್ಟಿ ತೆಗೆದು ಅಂಚಿನ ಸುತ್ತಲೂ ಹೆಬ್ಬೆರಳು ಓಡಿಸಿದಳು. "ಛಲೋ ಬಡದೀರಿ."

"ತಪ್ಪು ನಿನ್ನ ಕೈದಲ್ಲ ಗೌರವ್ವ, ಹಿಟ್ಟಿಂದಿತ್ತು, ನಂದಿತ್ತು. ವಾಪಸ್ ಬಾ."

ಅವಳು ನಕ್ಕಳು. ಸಿಟ್ಟು ಇರಲಿಲ್ಲ. "ಕಲತೀರಲ್ರಿ ಅಕ್ಕಾರ. ಇನ್ನ ನಾ ಯಾಕ?"

ನನ್ನ ಮಾತನ್ನೇ ತಿರುಗಿಸಿದಳೋ, ಸಹಜವಾಗಿ ಅಂದಳೋ, ಕೇಳುವ ಧೈರ್ಯವಾಗಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಮಾಲಕರಿಗೆ ಕೆಲಸ ಬರಲೇಬೇಕೇ ಎಂದು ಹೊಸದಾಗಿ ಅಂಗಡಿ ಇಡುವ ಹೆಂಗಸರು ಈಗ ನನ್ನನ್ನು ಕೇಳುತ್ತಾರೆ. ಎದುರಿನವರ ಕೈಗೆ ಹೆಸರಿಡುವ ಮೊದಲು ಹಿಟ್ಟು ಮುಟ್ಟಿ ನೋಡುವಷ್ಟಾದರೂ ಬರಲಿ ಎನ್ನುತ್ತೇನೆ.

ಡಬ್ಬಿಯಿಂದ ಒಂದು ಹಿಡಿ ಹಿಟ್ಟಿಗೆ ಬಿಸಿನೀರು ಹಾಕಿ, ಚಿವುಟಿ ಎಳೆದು ನೋಡುತ್ತೇನೆ. "ಜಿಗಿ ಐತಿ," ಎನ್ನುತ್ತೇನೆ, ಕೇಳುವವರಿಲ್ಲದಿದ್ದರೂ ಗಟ್ಟಿಯಾಗಿಯೇ. ರೊಟ್ಟಿ ಬಡಿಯುವಷ್ಟು ಹೊತ್ತು ಗಡಿಯಾರದ ಸದ್ದು ಮುಳುಗಿರುತ್ತದೆ; ಎತ್ತಿ ಹಂಚಿಗೆ ಹಾಕಿದ ಕೂಡಲೇ ಮತ್ತೆ ಕೇಳಿಸುತ್ತದೆ.